ಗೊಂಬೆಗಳ ವಾದ್ಯವಾದನ

ಗೊಂಬೆಯಾಟವು ಯಾವ ದೇಶದಲ್ಲಿ ನಡೆದರೂ ಗೊಂಬೆಯ ಮಾತು ಗೊಂಬೆಯದಲ್ಲ. ಸೂತ್ರಧಾರನೋ ಭಾಗವತನೋ ತೆರೆಯ ಹಿಂದಿನ ಗಾಯಕಿಯೋ ಆಡಿದ ಮಾತನ್ನು ಪ್ರೇಕ್ಷಕರು ಮರದ ತುಟಿಗೂ ತೊಗಲಿನ ಮೊಗಕ್ಕೂ ಆರೋಪಿಸಿಕೊಂಡು ಆನಂದಪಡುತ್ತಾರೆ. ಈ ಆರೋಪವು ಬಹು ಸುಲಭವಾದುದು. ಗೊಂಬೆಯ ಬಾಯಿ ತೆರೆಯದಿದ್ದರೂ ತಲೆ ತುಸು ಅಲುಗಿದರೆ ಸಾಕು, ಮಾತು ಅದರದೇ ಎಂದು ಮನಸ್ಸು ಒಪ್ಪಿಬಿಡುತ್ತದೆ. ಆದರೆ ಅದೇ ಗೊಂಬೆಯು ಒಂದು ವಾದ್ಯವನ್ನು ಕೈಗೆ ತೆಗೆದುಕೊಂಡು ನುಡಿಸತೊಡಗಿದರೆ ಆಗ ಈ ಸುಲಭವು ಉಳಿಯುವುದಿಲ್ಲ. ಮಾತಿನ ಹುಟ್ಟು ಗಂಟಲಿನೊಳಗೆ ಅಡಗಿರತಕ್ಕದ್ದು. ವಾದ್ಯದ ದನಿಯ ಹುಟ್ಟಾದರೋ ಎಲ್ಲರ ಕಣ್ಣೆದುರಿಗೆ ಇರತಕ್ಕದ್ದು. ತಂತಿಯನ್ನು ಮೀಟಿದುದು ಯಾವಾಗ, ಬೆರಳು ಎಲ್ಲಿ ಒತ್ತಿತು, ಕೋಲು ಚರ್ಮಕ್ಕೆ ತಾಗಿತೋ ಇಲ್ಲವೋ ಎಂಬುದನ್ನು ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಎರಡೂ ಒಂದನ್ನೊಂದು ಪರೀಕ್ಷಿಸುತ್ತವೆ. ಮಾತಿನಲ್ಲಿ ಕ್ಷಮಿಸಿದ ತಪ್ಪನ್ನು ಪ್ರೇಕ್ಷಕನು ವಾದನದಲ್ಲಿ ಕ್ಷಮಿಸುವುದಿಲ್ಲ.

ಈ ತೊಡಕನ್ನು ಗೊಂಬೆಯಾಟದವರು ಬಿಡಿಸಿಕೊಂಡ ಬಗೆಯನ್ನು ತಿಳಿಯುವುದಕ್ಕೆ ಎರಡು ನಿದರ್ಶನಗಳು ವಿಶೇಷವಾಗಿ ಉಪಯುಕ್ತವಾಗಿವೆ. ಒಂದು, ಜಪಾನು ದೇಶದ ಓಸಾಕಾ ನಗರದಲ್ಲಿ ಬೆಳೆದ ಬುನ್‌ರಾಕು ಎಂಬ ಗೊಂಬೆಯಾಟದಲ್ಲಿ ಬರುವ ಆಕೋಯಾ ಎಂಬ ಗಣಿಕೆಯ ವಿಚಾರಣೆಯ ದೃಶ್ಯ. ಮತ್ತೊಂದು, ಅಮೆರಿಕಾದ ಜಿಮ್ ಹೆನ್ಸನ್ ಎಂಬಾತನು ದೂರದರ್ಶನಕ್ಕಾಗಿ ನಿರ್ಮಿಸಿದ ಮಪೆಟ್ ಗೊಂಬೆಗಳ ವಾದ್ಯತಂಡ. ಕಾಲದಲ್ಲಿಯೂ ಅಭಿರುಚಿಯಲ್ಲಿಯೂ ಇವೆರಡಕ್ಕೂ ಬಹು ದೂರ. ಒಂದು ರಂಗಸ್ಥಳದ ಗಂಭೀರ ನಾಟಕ, ಇನ್ನೊಂದು ತೆರೆಯ ಮೇಲಿನ ವಿನೋದ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವಂತಿಲ್ಲ. ಆದರೂ ಎರಡು ಕಡೆಯಲ್ಲಿಯೂ ಗೊಂಬೆಗಾರರನ್ನು ಕಾಡಿದ ಪ್ರಶ್ನೆ ಒಂದೇ: ದನಿ ಒಬ್ಬನದು, ಕೈ ಇನ್ನೊಬ್ಬನದು ಆಗಿರುವಾಗ ಇವೆರಡರಲ್ಲಿ ಯಾವುದು ಮುಂದು, ಯಾವುದು ಹಿಂದು?

ದನಿಯನ್ನು ಕೇಳಿ ಗೊಂಬೆಯ ಕೈ ಅದನ್ನು ಹಿಂಬಾಲಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧ ಮಾತ್ರ ನಿಜ. ಲೋಕದಲ್ಲಿ ವಾದಕನ ಚಲನೆಯು ದನಿಗಿಂತ ಮೊದಲು ಬರುತ್ತದೆ. ಮೃದಂಗಗಾರನ ಕೈ ಮೇಲೆದ್ದ ಮೇಲಲ್ಲವೆ ಪೆಟ್ಟು ಬೀಳುವುದು? ಊದುವವನು ಉಸಿರನ್ನು ಎಳೆದುಕೊಂಡ ಮೇಲೆಯೇ ಸ್ವರ ಹೊರಡುತ್ತದೆ. ಆದುದರಿಂದ ದನಿಯನ್ನು ಕೇಳಿದ ಮೇಲೆ ಕೈಯನ್ನು ಎತ್ತಿದ ಗೊಂಬೆಗಾರನು ಎಷ್ಟೇ ಚುರುಕಾಗಿದ್ದರೂ ತಡವಾದವನೇ; ಪ್ರೇಕ್ಷಕನಿಗೆ ಏನು ತಪ್ಪಿತೆಂದು ಹೇಳಲು ತಿಳಿಯದಿದ್ದರೂ ಆಟ ಸಪ್ಪೆಯಾಗಿ ಕಾಣುತ್ತದೆ. ಗೊಂಬೆಯ ವಾದನದಲ್ಲಿ ಅಧಿಕಾರವು ದನಿಯದು. ಆದರೆ ಹೊತ್ತಿನ ಲೆಕ್ಕದಲ್ಲಿ ಮುಂದೆ ಹೋಗತಕ್ಕದ್ದು ಕೈ. ಗೊಂಬೆಗಾರನು ಬರಲಿರುವ ಸ್ವರವನ್ನು ಮೊದಲೇ ಬಲ್ಲವನಾಗಿರಬೇಕು.

ಇಲ್ಲಿ ದನಿಯು ಎರಡು ವಿಧವಾಗಿರಬಹುದು. ರಂಗದ ಬಳಿಯಲ್ಲಿಯೇ ಕುಳಿತು ಹಾಡುವ ಮತ್ತು ನುಡಿಸುವ ಜೀವಂತ ದನಿ ಒಂದು. ಮೊದಲೇ ಮುದ್ರಿಸಿಟ್ಟ ದನಿ ಇನ್ನೊಂದು. ವಿಯೆಟ್ನಾಮಿನ ನೀರಿನ ಗೊಂಬೆಯಾಟದಲ್ಲಿ ಗೊಂಬೆಗಾರರು ಬಿದಿರಿನ ತಟ್ಟಿಯ ಹಿಂದೆ ಸೊಂಟಮಟ್ಟದ ನೀರಿನಲ್ಲಿ ಮರೆಯಾಗಿ ನಿಂತಿರುತ್ತಾರೆ. ವಾದ್ಯಗಾರರು ಮಾತ್ರ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತು ಹಾಡುತ್ತ ನಡುನಡುವೆ ಗೊಂಬೆಗಳೊಡನೆ ಮಾತನ್ನೂ ಆಡುತ್ತಾರೆ. ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ನಗರದಲ್ಲಿ ಆಂಟನ್ ಐಖರ್ 1913ರಲ್ಲಿ ಮೋಟ್ಸಾರ್ಟನ ಒಂದು ಸಂಗೀತನಾಟಕದಿಂದ ಆರಂಭಿಸಿದ ಸೂತ್ರದ ಗೊಂಬೆಗಳ ರಂಗದಲ್ಲಿಯಾದರೋ ಮೊದಲು ಜೀವಂತ ಗಾಯಕರಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಅವರ ಸ್ಥಾನಕ್ಕೆ ಧ್ವನಿಮುದ್ರಿಕೆ ಬಂದಿತು. ಇದರಿಂದ ದೊಡ್ಡ ದೊಡ್ಡ ಗಾಯಕರ ಕಂಠವು ಪುಟ್ಟ ಗೊಂಬೆಗಳಿಗೆ ದೊರೆತುದೇನೋ ನಿಜ. ಆದರೆ ಮುದ್ರಿತವಾದ ದನಿ ಯಾರಿಗಾಗಿಯೂ ಕಾಯುವುದಿಲ್ಲ. ನೂಲು ತೊಡಕಿಕೊಂಡರೆ ಜೀವಂತ ಗಾಯಕನು ಒಂದು ಆವರ್ತ ಹೆಚ್ಚಾಗಿ ಹಾಡಿಯಾನು, ಮುದ್ರಿಕೆ ಹಾಡದು.

ಈಗ ಓಸಾಕಾದ ಕಡೆಗೆ ತಿರುಗಬಹುದು. ಬುನ್‌ರಾಕುವಿಗೆ ಹಿಂದಿನಿಂದ ಇರುವ ಹೆಸರು ನಿಂಗ್ಯೋ ಜೋರುರಿ. ನಿಂಗ್ಯೋ ಎಂದರೆ ಗೊಂಬೆ, ಜೋರುರಿ ಎಂದರೆ ವಾದ್ಯದೊಡನೆ ಹೇಳುವ ಕಥಾಗಾನ. ಗೊಂಬೆ ಮತ್ತು ಗಾನ ಎಂಬೆರಡು ಕಲೆಗಳ ಕೂಟ ಇದೆಂಬುದು ಹೆಸರಿನಲ್ಲಿಯೇ ಸ್ಪಷ್ಟವಾಗಿದೆ. ತಾಕೆಮೊತೊ ಗಿದಾಯು ಎಂಬ ಗಾಯಕನು 1684ರಲ್ಲಿ ಓಸಾಕಾದಲ್ಲಿ ತಾಕೆಮೊತೊ-ಜಾ ಎಂಬ ರಂಗಮಂದಿರವನ್ನು ಸ್ಥಾಪಿಸಿದನು. ಚಿಕಾಮತ್ಸು ಮೊನ್‌ಜಾಯೆಮೊನ್ ಎಂಬ ಮಹಾಕವಿಯು ಅವನಿಗೆ ನಾಟಕಗಳನ್ನು ಬರೆದುಕೊಟ್ಟನು. ರಂಗಮಂದಿರವನ್ನು ಕಟ್ಟಿದವನು ಗಾಯಕನೇ ಹೊರತು ಗೊಂಬೆಗಾರನಲ್ಲವೆಂಬುದನ್ನು ಲಕ್ಷಿಸಬೇಕು. ದನಿಗೆ ಅಲ್ಲಿ ಇರುವ ಅಧಿಕಾರದ ಮೂಲ ಇದು. ಈಗಲೂ ತಾಯು ಎಂದು ಕರೆಸಿಕೊಳ್ಳುವ ಗಾಯಕನು ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯವನ್ನು ನುಡಿಸುವವನೊಡನೆ ರಂಗದ ಪಕ್ಕದ, ಪ್ರೇಕ್ಷಕರ ಬಲಗಡೆಯ, ಜಗಲಿಯಲ್ಲಿ ಕುಳಿತಿರುತ್ತಾನೆ. ಕಥೆಯನ್ನು ಆರಂಭಿಸುವ ಮುನ್ನ ಗ್ರಂಥವನ್ನು ಎತ್ತಿ ಹಣೆಗೊತ್ತಿಕೊಳ್ಳುತ್ತಾನೆ. ಗಂಡಸಿನ ಮಾತು, ಹೆಂಗಸಿನ ಅಳು, ಮಗುವಿನ ತೊದಲು, ನಡುವಣ ವರ್ಣನೆ ಎಲ್ಲವೂ ಅವನೊಬ್ಬನ ಕಂಠದಿಂದಲೇ ಹೊರಡುತ್ತವೆ. ಅವನು ಗೊಂಬೆಯತ್ತ ನೋಡುವುದಿಲ್ಲ. ಅವನನ್ನು ಕೇಳಬೇಕಾದವರು ಗೊಂಬೆಗಾರರು.

ಆ ಗೊಂಬೆಗಾರರೂ ಒಬ್ಬೊಬ್ಬರಲ್ಲ. ಮುಖ್ಯವಾದ ಒಂದೊಂದು ಗೊಂಬೆಗೆ ಮೂವರು. ಹಿರಿಯನು ಎಡಗೈಯಿಂದ ಗೊಂಬೆಯ ತಲೆಯನ್ನು ಹಿಡಿದು ಬಲಗೈಯಿಂದ ಅದರ ಬಲಗೈಯನ್ನು ಆಡಿಸುತ್ತಾನೆ. ಎರಡನೆಯವನದು ಎಡಗೈ ಮಾತ್ರ. ಮೂರನೆಯವನು ಬಗ್ಗಿ ನಿಂತು ಕಾಲುಗಳನ್ನು ನಡೆಸುತ್ತಾನೆ. ಹಿರಿಯನು ಮಾತಿಲ್ಲದೆ, ಗೊಂಬೆಯ ತಲೆಯ ಮತ್ತು ಹೆಗಲಿನ ಸೂಕ್ಷ್ಮವಾದ ಚಲನೆಯಿಂದಲೇ ಉಳಿದಿಬ್ಬರಿಗೆ ಮುಂದಿನ ಹೆಜ್ಜೆಯನ್ನು ಸೂಚಿಸುತ್ತಾನೆ. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಎಂಬುದು ಅವರ ಅಭ್ಯಾಸದ ವಿಷಯದಲ್ಲಿ ರೂಢಿಯಲ್ಲಿರುವ ಮಾತು. ಮೂವರು ಕೂಡಿ ಆಡಿಸುವ ಈ ಪದ್ಧತಿ 1734ರಲ್ಲಿ ಮೊದಲಾಯಿತು.

ಕಾಲಿನವನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬಹುದು. ಗೊಂಬೆಯು ನೆಲವನ್ನು ಒದೆದು ನಿಂತಾಗ ಕೇಳಿಬರುವ ಸಪ್ಪಳ ಗೊಂಬೆಯದಲ್ಲ, ಅದರ ಕಾಲನ್ನು ಹಿಡಿದವನು ತನ್ನ ಸ್ವಂತ ಪಾದದಿಂದ ನೆಲವನ್ನು ತಟ್ಟಿದುದು. ದಕ್ಷಿಣ ಭಾರತದವರಿಗೆ ಇದು ಅಪರಿಚಿತವಲ್ಲ. ತಮಿಳುನಾಡಿನ ಬೊಮ್ಮಲಾಟದಲ್ಲಿ ಗೊಂಬೆಗಾರನು ಸೂತ್ರಗಳನ್ನು ಕಟ್ಟಿದ ಬಳೆಯೊಂದನ್ನು ಕಿರೀಟದಂತೆ ತಲೆಗೆ ತೊಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ತೆರೆಯ ಹಿಂದೆ ತಾನೇ ಕುಣಿಯುತ್ತಾನೆ. ಮುಂದೆ ಗೊಂಬೆಯ ಕಾಲಿನಿಂದ ಬಂದಂತೆ ತೋರುವ ಗೆಜ್ಜೆಯ ದನಿ ಅವನ ಕಾಲಿನದು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿಯೂ ಭಾಗವತನ ಹಾಡು, ಚೆಂಡೆ, ಮದ್ದಳೆಗಳೇ ಗೊಂಬೆಯ ಹೆಜ್ಜೆಗೆ ಆಧಾರ. ಇಂಥಲ್ಲಿ ಗೊಂಬೆಯು ಗಾನಕ್ಕೆ ಕುಣಿಯುತ್ತದೆಯೇ ಹೊರತು ಗಾನವನ್ನು ತಾನೇ ಹುಟ್ಟಿಸುವಂತೆ ನಟಿಸುವುದಿಲ್ಲ. ಕುಣಿತಕ್ಕೂ ವಾದನಕ್ಕೂ ಇರುವ ಅಂತರ ಇದೇ. ಕುಣಿಯುವವನು ತಾಳಕ್ಕೆ ಸೇರಿದರೆ ಸಾಕು. ನುಡಿಸುವವನಾದರೋ ಒಂದೊಂದು ಸ್ವರಕ್ಕೂ ಹೊಣೆ.

ಆ ಹೊಣೆಯನ್ನೇ ನಾಟಕದ ಹುರುಳನ್ನಾಗಿ ಮಾಡಿಕೊಂಡದ್ದು ಆಕೋಯಾಳ ದೃಶ್ಯ. ಇದು ಬರುವ ನಾಟಕವು ‘ದಾನ್ ನೋ ಉರಾ ಕಾಬುತೊ ಗುಂಕಿ’. ಬುನ್‌ಕೋದೋ ಮತ್ತು ಹಾಸೆಗಾವಾ ಸೆನ್‌ಶಿ ಎಂಬವರ ಕೃತಿ, 1732ರಲ್ಲಿ ತಾಕೆಮೊತೊ-ಜಾದಲ್ಲಿ ಮೊದಲು ಪ್ರಯೋಗವಾಯಿತು. ದಾನ್-ನೋ-ಉರಾ ಎಂಬುದು 1185ರಲ್ಲಿ ಹೇಯಿಕೆ ವಂಶವು ಗೆಂಜಿ ವಂಶದ ಮುಂದೆ ಸೋತು ನಾಶವಾದ ಸಮುದ್ರಯುದ್ಧದ ಸ್ಥಳ. ಆ ಸೋಲಿನ ಮೇಲೆ ತಲೆಮರೆಸಿಕೊಂಡಿರುವ ಹೇಯಿಕೆ ವೀರ ಕಾಗೆಕಿಯೋ, ಗೆಂಜಿಯರ ನಾಯಕನಾದ ಯೊರಿತೊಮೊವನ್ನು ಕೊಲ್ಲಲು ಹೊಂಚುತ್ತಿದ್ದಾನೆ. ಅವನ ಪ್ರೇಯಸಿಯಾದ ಆಕೋಯಾಳನ್ನು ಹಿಡಿದು ತಂದು ಅವನಿರುವ ಸ್ಥಳವನ್ನು ಹೇಳೆಂದು ಕೇಳುತ್ತಾರೆ. ಅವಳು ತಿಳಿಯದೆನ್ನುತ್ತಾಳೆ. ಇವಾನಾಗಾ ಎಂಬ ಕ್ರೂರನಾದ ಅಧಿಕಾರಿಯು ನೀರಿನ ಚಿತ್ರಹಿಂಸೆಯನ್ನು ಕೊಡಬೇಕೆನ್ನುತ್ತಾನೆ. ವಿಚಾರಣೆಯ ಭಾರವನ್ನು ಹೊತ್ತ ಹಾತಾಕೆಯಾಮಾ ಶಿಗೆತಾದಾ ತಾನೂ ಚಿತ್ರಹಿಂಸೆಯ ಸಾಧನಗಳನ್ನು ತರಿಸುವುದಾಗಿ ಹೇಳಿ, ತರಿಸುವುದು ಮೂರು ವಾದ್ಯಗಳನ್ನು: ಕೋತೊ, ಶಾಮಿಸೆನ್, ಕೋಕ್ಯೂ. ಇವುಗಳನ್ನು ಒಂದಾದಮೇಲೊಂದರಂತೆ ನುಡಿಸೆಂದು ಆಜ್ಞೆಮಾಡುತ್ತಾನೆ. ಮನಸ್ಸಿನಲ್ಲಿ ಸುಳ್ಳಿದ್ದರೆ ಕೈ ನಡುಗೀತು, ಶ್ರುತಿ ಕೆಟ್ಟೀತು, ಲಯ ಜಾರೀತು ಎಂಬುದು ಅವನ ಎಣಿಕೆ. ಆಕೋಯಾ ಮೂರನ್ನೂ ಕಲಕದ ಕೈಯಿಂದ ನುಡಿಸುತ್ತಾಳೆ. ಅವಳು ನಿಜವನ್ನೇ ಹೇಳಿದ್ದಾಳೆಂದು ಶಿಗೆತಾದಾ ತೀರ್ಮಾನಿಸಿ ಬಿಡುಗಡೆ ಮಾಡುತ್ತಾನೆ.

ಈ ಸನ್ನಿವೇಶವನ್ನು ಗೊಂಬೆಯಿಂದ ಆಡಿಸುವುದರಲ್ಲಿ ಇರುವ ಸಾಹಸವನ್ನು ಬಿಡಿಸಿ ನೋಡಬೇಕು. ಒಂದು ಪ್ರಾಣದ ಉಳಿವು ಅಳಿವು ಕೈಯ ನಿಶ್ಚಲತೆಯಲ್ಲಿದೆ. ಆ ಕೈಯಾದರೋ ಮರದ್ದು. ಅಷ್ಟೇ ಅಲ್ಲ, ಅವಳ ಎರಡು ಕೈಗಳು ಇಬ್ಬರು ಮನುಷ್ಯರ ವಶದಲ್ಲಿವೆ. ದನಿ ಮೂರನೆಯವನದು, ಜಗಲಿಯ ಮೇಲೆ ಕುಳಿತ ಶಾಮಿಸೆನ್ ಬಳಗದ ಒಬ್ಬನೇ ಈ ಮೂರು ವಾದ್ಯಗಳನ್ನೂ ನುಡಿಸುತ್ತಾನೆ. ಅವಳು ಹಾಡುವ ಹಾಡು ತಾಯುವಿನ ಕಂಠದ್ದು. ಇಷ್ಟು ಜನ ಸೇರಿ ಒಬ್ಬ ಹೆಂಗಸಿನ ಒಂದು ಮನಸ್ಸಿನ ಏಕಾಗ್ರತೆಯನ್ನು ತೋರಿಸಬೇಕು. ಯಾವನೊಬ್ಬನ ಕೈ ಒಂದು ಮಾತ್ರೆಯಷ್ಟು ತಡವಾದರೂ, ಕಥೆಯ ನ್ಯಾಯದಂತೆ, ಆಕೋಯಾ ಸುಳ್ಳುಗಾತಿಯಾಗುತ್ತಾಳೆ. ಬೇರೆ ನಾಟಕಗಳಲ್ಲಿ ಗೊಂಬೆಗಾರನ ತಪ್ಪು ಕಲೆಗೆ ತಟ್ಟುವ ದೋಷ. ಇಲ್ಲಿ ಮಾತ್ರ ಅದು ಪಾತ್ರದ ಶೀಲಕ್ಕೆ ತಟ್ಟುವ ದೋಷ. ಗೊಂಬೆಯ ರಂಗಕ್ಕೆ ಇದಕ್ಕಿಂತ ತಕ್ಕ ವಸ್ತುವನ್ನು ಕವಿಗಳು ಹುಡುಕುವುದು ಕಷ್ಟವಿತ್ತು. ಇದನ್ನು ಬರೆದಾಗ ಮೂವರ ಪದ್ಧತಿಯು ಇನ್ನೂ ಬಂದಿರಲಿಲ್ಲವೆಂಬುದನ್ನು ನೆನೆದರೆ ಆಶ್ಚರ್ಯವು ಮತ್ತಷ್ಟಾಗುತ್ತದೆ. ಈಗ ಕಾಣುವ ಕೈಚಳಕಕ್ಕೆ ಎಡೆಯಾದದ್ದು ಎರಡು ವರ್ಷಗಳ ತರುವಾಯ.

ವಾದ್ಯದಿಂದ ವಾದ್ಯಕ್ಕೆ ಕೆಲಸದ ಹಂಚಿಕೆ ಬೇರೆಯಾಗುತ್ತದೆ. ಕೋತೊ ಎಂಬುದು ನೆಲದ ಮೇಲೆ ಉದ್ದಕ್ಕೆ ಇಟ್ಟು ನುಡಿಸುವ 13 ತಂತಿಗಳ ವಾದ್ಯ. ಬಲಗೈಯ ಮೂರು ಬೆರಳುಗಳಿಗೆ ಕೃತಕವಾದ ಉಗುರುಗಳನ್ನು ತೊಟ್ಟು ಮೀಟುತ್ತಾರೆ, ಎಡಗೈಯಿಂದ ಕುದುರೆಗಳ ಆಚೆಗೆ ತಂತಿಯನ್ನು ಒತ್ತಿ ಸ್ವರವನ್ನು ಬಾಗಿಸುತ್ತಾರೆ. ಆದುದರಿಂದ ಗೊಂಬೆಯಲ್ಲಿ ಸ್ವರವನ್ನು ಹುಟ್ಟಿಸುವವನು ಹಿರಿಯ, ಬಾಗಿಸುವವನು ಎರಡನೆಯವನು. ಶಾಮಿಸೆನ್ನಿನಲ್ಲಿ ಬೀಸಣಿಗೆಯ ಹಾಗೆ ಅಗಲವಾದ ಮೀಟುಫಲಕವು ಬಲಗೈಗೂ ಸ್ವರಸ್ಥಾನಗಳು ಎಡಗೈಗೂ ಬರುತ್ತವೆ. ಎಡಗೈಯವನು ದಂಡಿಯ ಮೇಲೆ ಜಾರುವ ದೂರವು ಕೇಳುವ ಸ್ವರದ ಏರಿಳಿತಕ್ಕೆ ಒಪ್ಪದಿದ್ದರೆ ಆ ಸಂಗೀತವನ್ನು ಬಲ್ಲ ಪ್ರೇಕ್ಷಕನು ಕೂಡಲೆ ಕಂಡುಹಿಡಿಯುತ್ತಾನೆ. ಕೋಕ್ಯೂ ಕಮಾನಿನಿಂದ ನುಡಿಸುವ ವಾದ್ಯ. ಅದರಲ್ಲೊಂದು ವಿಚಿತ್ರವಿದೆ: ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಕಮಾನಿನ ಓರೆಯನ್ನು ಬದಲಿಸುವುದಕ್ಕೆ ಬದಲಾಗಿ ವಾದ್ಯವನ್ನೇ ಅತ್ತಿತ್ತ ತಿರುಗಿಸುತ್ತಾರೆ. ಆಗ ಹಿರಿಯನ ಕಮಾನು ನೆಟ್ಟಗೆ ಸಾಗುತ್ತಿರಲು, ತಂತಿಯನ್ನು ಅದರ ಎದುರಿಗೆ ತಂದೊಡ್ಡುವ ಹೊಣೆ ಎಡಗೈಯವನಿಗೆ ಬರುತ್ತದೆ. ಕೇಳುವುದಕ್ಕೆ ಮೂರರಲ್ಲಿ ಇದೇ ಕರುಣವಾದುದು. ಆಡಿಸುವುದಕ್ಕೂ ಇದು ಬಹುಶಃ ಅತ್ಯಂತ ನಾಜೂಕಾದುದು.

ಬುನ್‌ರಾಕುವಿನ ಗೊಂಬೆಗಳ ಕೈಗಳು ಹಲವು ತೆರನಾಗಿದ್ದು, ಕೆಲವಕ್ಕೆ ಬೆರಳುಗಳ ಸಂದುಗಳೂ ಉಂಟು. ವಾದನಕ್ಕೆಂದೇ ಮಾಡಿದ ಕೈಗಳನ್ನು ಇಂಥ ದೃಶ್ಯದಲ್ಲಿ ತೊಡಿಸುತ್ತಾರೆ. ಆದರೂ ಮರದ ಬೆರಳು ಮನುಷ್ಯನ ಬೆರಳಿನ ಎಲ್ಲ ಕೆಲಸವನ್ನೂ ಮಾಡಲಾರದು. ಮಾಡಬೇಕಾದುದೂ ಇಲ್ಲ. ದನಿಯ ಒಂದೊಂದು ಬಿಂದುವನ್ನೂ ಕೈ ಅನುಕರಿಸಿದರೆ ಗೊಂಬೆಯು ಯಂತ್ರದಂತೆ ಕಾಣುತ್ತದೆ. ಮುಖ್ಯವಾದ ಮೀಟುಗಳನ್ನು ತಪ್ಪದೆ ಹಿಡಿದು, ನಡುವಣ ವಿರಾಮದಲ್ಲಿ ತಲೆಯನ್ನು ತುಸು ಬಾಗಿಸಿ, ಈಗತಾನೆ ಹೋದ ಸ್ವರವನ್ನು ತಾನೇ ಆಲಿಸಿದಂತೆ ಮಾಡಿದರೆ ವಾದಕಿಯಂತೆ ಕಾಣುತ್ತದೆ. ಕೈ ದನಿಗಿಂತ ಮುಂದೆ, ತಲೆ ದನಿಗಿಂತ ಹಿಂದೆ. ಕೈ ಸ್ವರವನ್ನು ಕೊಡುತ್ತದೆ, ತಲೆ ಅದನ್ನು ಕೇಳುತ್ತದೆ. ಒಬ್ಬನೇ ಹಿರಿಯನು ತನ್ನ ಬಲಗೈಯಿಂದ ಒಂದನ್ನೂ ಎಡಗೈಯಿಂದ ಇನ್ನೊಂದನ್ನೂ ನಡೆಸಬೇಕಾಗಿರುವುದರಿಂದ ಈ ಎರಡು ಕಾಲಗಳು ಅವನ ಶರೀರದಲ್ಲಿಯೇ ಕೂಡುತ್ತವೆ.

ಈ ದೃಶ್ಯವು ಗೊಂಬೆಯ ರಂಗದಿಂದ ಮನುಷ್ಯರ ಕಬುಕಿ ರಂಗಕ್ಕೂ ಹೋಯಿತು. ಅಲ್ಲಿ ಆಕೋಯಾಳ ವೇಷವನ್ನು ಹಾಕುವ ನಟನು ಮೂರು ವಾದ್ಯಗಳನ್ನೂ ತಾನೇ ನಿಜವಾಗಿ ನುಡಿಸಬೇಕು. ಆದುದರಿಂದಲೇ ಅದನ್ನು ವಹಿಸಿಕೊಳ್ಳುವವರು ವಿರಳ; 1997ರಿಂದ ಬಾಂದೋ ತಾಮಾಸಾಬುರೋ ಎಂಬ ಪ್ರಸಿದ್ಧ ನಟನ ಹೆಸರು ಈ ಪಾತ್ರದೊಡನೆ ಸೇರಿಕೊಂಡಿದೆ. ರಸಿಕರು ಗಮನಿಸತಕ್ಕ ಸಂಗತಿ ಬೇರೊಂದು. ಕಬುಕಿಯಲ್ಲಿ ಕ್ರೂರನಾದ ಇವಾನಾಗಾ ಗೊಂಬೆಯ ಹಾಗೆ, ಹಿಂದಿನಿಂದ ಯಾರೋ ಆಡಿಸುತ್ತಿರುವಂತೆ, ಅಭಿನಯಿಸುತ್ತಾನೆ. ಗೊಂಬೆಯಾಗಿದ್ದವಳು ಮನುಷ್ಯಳಾಗಿ ಸ್ವಂತ ಕೈಯಿಂದ ನುಡಿಸುತ್ತಿರುವಾಗ ಅವಳನ್ನು ನಂಬದವನು ಗೊಂಬೆಯಾಗಿ ಉಳಿದಿದ್ದಾನೆ. ಮೂಲದ ನೆನಪನ್ನು ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಜಾಣತನದ ಉಪಾಯ ಇರಲಾರದು.

ಇನ್ನು ತೆರೆಯ ವಿಚಾರ. ಜಿಮ್ ಹೆನ್ಸನ್ (1936-1990) ವಾಷಿಂಗ್ಟನ್ ನಗರದ ಒಂದು ದೂರದರ್ಶನ ಕೇಂದ್ರದಲ್ಲಿ 1955ರಿಂದ 1961ರ ವರೆಗೆ ‘ಸ್ಯಾಮ್ ಆಂಡ್ ಫ್ರೆಂಡ್ಸ್’ ಎಂಬ ಐದು ನಿಮಿಷಗಳ ಆಟವನ್ನು ನಡೆಸಿದನು. ಮೊದಮೊದಲು ಅವನ ಗೊಂಬೆಗಳಿಗೆ ಸ್ವಂತವಾದ ದನಿಯೇ ಇರಲಿಲ್ಲ. ಜನಪ್ರಿಯವಾದ ಗ್ರಾಮಫೋನ್ ತಟ್ಟೆಗಳನ್ನು ಹಚ್ಚಿ ಅವಕ್ಕೆ ಸರಿಯಾಗಿ ಬಾಯಿಯನ್ನು ಆಡಿಸುವುದೇ ಆಟದ ಬಹುಭಾಗವಾಗಿತ್ತು. ತಟ್ಟೆಯು ಎಂದಿಗೂ ಬದಲಾಗುವುದಿಲ್ಲವಾದ್ದರಿಂದ ಗೊಂಬೆಗಾರನು ಅದನ್ನು ಉಸಿರು ಉಸಿರಾಗಿ ಬಾಯಿಪಾಠ ಮಾಡಿಕೊಳ್ಳಬಹುದು. ಕಾಯದಿರುವ ದನಿಯ ಕೊರತೆಯನ್ನು ಹಿಂದೆ ಹೇಳಿದುದಾಯಿತು, ಅದರ ಪ್ರಯೋಜನವಿದು. ಅಕ್ಷರಕ್ಕೊಮ್ಮೆ ಬಾಯಿ ತೆರೆಯಬೇಕು, ತೆರೆಯುವಾಗ ಹೆಬ್ಬೆರಳಿನಿಂದ ಕೆಳದವಡೆಯನ್ನು ಇಳಿಸಬೇಕೇ ಹೊರತು ಮೇಲಿನ ತಲೆಯನ್ನು ಎತ್ತಬಾರದು ಎಂಬಂಥ ನಿಯಮಗಳು ಈ ಬಗೆಯ ಗೊಂಬೆಗಳಲ್ಲಿ ಬಳಕೆಗೆ ಬಂದವು.

ಹೆನ್ಸನ್ ಮಾಡಿದ ಇನ್ನೊಂದು ಬದಲಾವಣೆ ರಂಗದ್ದು. ಗೊಂಬೆಗಾರನನ್ನು ಮರೆಮಾಡುವುದಕ್ಕೆ ಹಿಂದೆ ಒಂದು ಪೆಟ್ಟಿಗೆಯಂಥ ರಂಗ ಬೇಕಾಗಿತ್ತು. ದೂರದರ್ಶನದ ಚೌಕಟ್ಟಿನ ಕೆಳ ಅಂಚೇ ಆ ಮರೆಯ ಕೆಲಸವನ್ನು ಮಾಡುತ್ತದೆ ಎಂದು ಅವನು ಕಂಡುಕೊಂಡನು. ಗೊಂಬೆಗಾರರು ಕೈಯನ್ನು ತಲೆಯ ಮೇಲೆತ್ತಿ ಚೌಕಟ್ಟಿನ ಕೆಳಗೆ ನಿಲ್ಲುತ್ತಾರೆ. ಎದುರಿಗಿಟ್ಟ ಚಿಕ್ಕ ತೆರೆಯಲ್ಲಿ ಪ್ರೇಕ್ಷಕರಿಗೆ ಕಾಣುವುದನ್ನೇ ತಾವೂ ನೋಡುತ್ತಿರುತ್ತಾರೆ. ಅದು ಕನ್ನಡಿಯಲ್ಲ, ಗೊಂಬೆಗಾರನು ತನ್ನ ಬಲಕ್ಕೆ ಸರಿದರೆ ತೆರೆಯಲ್ಲಿ ಗೊಂಬೆಯು ಎಡಕ್ಕೆ ಸರಿಯುತ್ತದೆ. ಓಸಾಕಾದ ಗೊಂಬೆಗಾರನು ತನ್ನ ಗೊಂಬೆಯನ್ನು ಹಿಂದಿನಿಂದಲೇ ಬಲ್ಲನು. ಇವನಾದರೋ ಪ್ರೇಕ್ಷಕನಾಗಿಯೂ ಕುಳಿತು ತನ್ನ ಕೆಲಸವನ್ನು ತಾನೇ ತಿದ್ದಿಕೊಳ್ಳಬಲ್ಲನು.

ಕೈಗಳ ಹಂಚಿಕೆಯಲ್ಲಿ ಎರಡು ಪದ್ಧತಿಗಳೂ ಒಂದಕ್ಕೊಂದು ಪ್ರತಿಬಿಂಬದಂತಿರುವುದು ಕುತೂಹಲಕರವಾದುದು. ಬುನ್‌ರಾಕುವಿನಲ್ಲಿ ಹಿರಿಯನ ಎಡಗೈ ತಲೆಯಲ್ಲಿರುವುದರಿಂದ ಗೊಂಬೆಯ ಬಲಗೈ ಅವನ ಪಾಲಿಗೆ ಬಂದಿತು. ಮಪೆಟ್ಟುಗಳಲ್ಲಿ ಬಾಯಿಯ ಕೆಲಸ ಹೆಚ್ಚಾದುದರಿಂದ ಬಲಗೈ ತಲೆಯೊಳಗೆ ಹೋಯಿತು, ಉಳಿದದ್ದು ಎಡಗೈ. ಆದಕಾರಣ ಈ ಗೊಂಬೆಗಳು ಬಹುಮಟ್ಟಿಗೆ ಎಡಚರು. ತಂತಿವಾದ್ಯಗಳನ್ನು ಅವು ಎಡಗೈಯವರ ಹಾಗೆ ಹಿಡಿದಿರುವುದನ್ನು ಕಂಡು ವಿನೋದಕ್ಕಾಗಿ ಮಾಡಿದ್ದೆಂದು ತಿಳಿಯುವವರುಂಟು. ಕಾರಣ ಗೊಂಬೆಗಾರನ ತೋಳಿನಲ್ಲಿದೆ. ಗೊಂಬೆಗೆ ಎರಡು ಕೈಗಳೂ ಸ್ವತಂತ್ರವಾಗಿ ಆಡಬೇಕಾದಲ್ಲಿ ಇನ್ನೊಬ್ಬನು ಬಂದು ಅದರ ಬಲಗೈಯ ತೊಗಲಿನೊಳಗೆ ತನ್ನ ಬಲಗೈಯನ್ನು ತೂರಿಸುತ್ತಾನೆ. ಪಿಯಾನೋ ನುಡಿಸುವ ರೌಲ್ಫ್ ಎಂಬ ನಾಯಿಯ ಎರಡು ಕೈಗಳು ಹೀಗೆ ಇಬ್ಬರವು. ‘ದಿ ಮಪೆಟ್ ಷೋ’ ಎಂಬ ಸರಣಿಯಲ್ಲಿ ಅದಕ್ಕೆ ಕೇಳುತ್ತಿದ್ದ ಪಿಯಾನೋ ಡೆರೆಕ್ ಸ್ಕಾಟ್ ಎಂಬ ಮೂರನೆಯವನದು. ಆಕೋಯಾಳ ಕೂಟವೇ ಇಲ್ಲಿ ನಾಯಿಯ ರೂಪದಲ್ಲಿ ಕಾಣಿಸಿಕೊಂಡಿತೆನ್ನಬಹುದು.

ಪೂರ್ಣವಾದ ವಾದ್ಯತಂಡವು 1975ರ ಒಂದು ಪ್ರಯೋಗದ ಕಾರ್ಯಕ್ರಮದಲ್ಲಿ ಮೊದಲು ಕಾಣಿಸಿಕೊಂಡಿತು. ‘ಡಾಕ್ಟರ್ ಟೀತ್ ಆಂಡ್ ದಿ ಎಲೆಕ್ಟ್ರಿಕ್ ಮೇಹೆಮ್’ ಎಂಬುದು ಅದರ ಹೆಸರು. ವಿದ್ಯುತ್ತಿನ ದಾಂಧಲೆ ಎಂದು ಅರ್ಥಮಾಡಬಹುದು. 1976ರಿಂದ 1981ರ ವರೆಗೆ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ತಯಾರಾದ ‘ದಿ ಮಪೆಟ್ ಷೋ’ವಿನ 120 ಸಂಚಿಕೆಗಳಿಂದ ಈ ತಂಡವು ಲೋಕಪ್ರಸಿದ್ಧವಾಯಿತು. ಮನೆಯ ವಾದ್ಯಮೇಳದ ನಿರ್ದೇಶಕ ಜಾಕ್ ಪಾರ್ನೆಲ್. ನಾಯಕನಾದ ಡಾಕ್ಟರ್ ಟೀತ್ ಹೆನ್ಸನ್ನನ ಕೈಯಲ್ಲಿದ್ದನು; ಜೆರಿ ನೆಲ್ಸನ್, ರಿಚರ್ಡ್ ಹಂಟ್, ಡೇವ್ ಗೋಲ್ಜ್, ಫ್ರಾಂಕ್ ಆಜ್ ಎಂಬವರು ಉಳಿದವರನ್ನು ಆಡಿಸುತ್ತಿದ್ದರು. ಹಾಡನ್ನೂ ವಾದ್ಯವನ್ನೂ ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ಹೊತ್ತಿನಲ್ಲಿ ಆ ಮುದ್ರಿಕೆಯನ್ನು ಹಾಕಿ ಗೊಂಬೆಗಳನ್ನು ಆಡಿಸುವುದು ಪದ್ಧತಿಯಾಗಿತ್ತು.

ಇವರಲ್ಲಿ ಕಲೆಯ ದೃಷ್ಟಿಯಿಂದ ಮುಖ್ಯವಾದುದು ಆನಿಮಲ್ ಎಂಬ ಡ್ರಮ್ಮುಗಾರ ಗೊಂಬೆ. ಆಡಿಸಿದವನು ಫ್ರಾಂಕ್ ಆಜ್. ದನಿಯನ್ನು ಬಾರಿಸಿದವನು ರಾನಿ ವೆರೆಲ್ ಎಂಬ ಆಂಗ್ಲ ವಾದಕ. ತಾಳವಾದ್ಯಕ್ಕಿಂತ ಗೊಂಬೆಗೆ ಕಠಿನವಾದ ವಾದ್ಯವಿಲ್ಲ. ಪೆಟ್ಟೊಂದು ತಪ್ಪಿದರೆ ಮಗುವಿಗೂ ತಿಳಿಯುತ್ತದೆ. ವೇಗ ಹೆಚ್ಚಿದಂತೆ ಕೈಗೆ ಹಿಡಿಯಲಾರದಷ್ಟು ಪೆಟ್ಟುಗಳು ಬೀಳುತ್ತವೆ. ಇದಕ್ಕೆ ಆ ಗೊಂಬೆಗಾರರು ಕಂಡುಕೊಂಡ ಪರಿಹಾರ ಪಾತ್ರದಲ್ಲಿಯೇ ಇದೆ. ಆನಿಮಲ್ ಎಂದರೆ ಪಶು. ಸರಪಳಿಯಲ್ಲಿ ಕಟ್ಟಿಡಬೇಕಾದ ಉನ್ಮತ್ತ. ಅವನ ತಲೆ, ಕೂದಲು, ಬಾಯಿ, ಬೆನ್ನು ಎಲ್ಲವೂ ಏಕಕಾಲದಲ್ಲಿ ಅದುರುತ್ತವೆ. ಕೈ ತೋರಿಸಲಾರದ ಲೆಕ್ಕವನ್ನು ಮೈಯ ಆವೇಶವು ತುಂಬಿಕೊಡುತ್ತದೆ. ಕಣ್ಣು ಪೆಟ್ಟುಗಳನ್ನು ಎಣಿಸುವುದನ್ನು ಬಿಟ್ಟು ಶ್ರಮವನ್ನು ನೋಡತೊಡಗುತ್ತದೆ. ಸರಣಿಯ ಕೊನೆಯ ವರ್ಷದ ಒಂದು ಸಂಚಿಕೆಯಲ್ಲಿ ಬಡ್ಡಿ ರಿಚ್ ಎಂಬ ಜಗತ್ಪ್ರಸಿದ್ಧ ಡ್ರಮ್ಮುಗಾರನಿಗೂ ಈ ಗೊಂಬೆಗೂ ಸ್ಪರ್ಧೆಯನ್ನು ಏರ್ಪಡಿಸಿದರು. ಮನುಷ್ಯನ ಕೈಯ ಎದುರಿಗೆ ಗೊಂಬೆಯ ಕೈಯನ್ನು ಇಡುವುದು ಧೈರ್ಯದ ಕೆಲಸ; ಎರಡನ್ನೂ ಹೋಲಿಸಿ ನೋಡೆಂದು ಕಣ್ಣಿಗೆ ಕರೆಕೊಟ್ಟಂತೆ. ವಿಲಕ್ಷಣವೆಂದರೆ ಹೋಲಿಕೆಯಲ್ಲಿ ಗೊಂಬೆ ಮಂಕಾಗುವುದಿಲ್ಲ. ರಿಚ್ ನಿರಾಯಾಸವಾಗಿ ಬಾರಿಸುತ್ತಾನೆ; ಆನಿಮಲ್ ಪ್ರಾಣವನ್ನೇ ಪಣವಿಟ್ಟು ಬಾರಿಸುತ್ತದೆ. ಕೊನೆಗೆ ಸೋತ ಸಿಟ್ಟಿಗೆ ಒಂದು ಡ್ರಮ್ಮನ್ನು ಎದುರಾಳಿಯ ತಲೆಗೇ ತೊಡಿಸುತ್ತದೆ.

ಊದುವ ವಾದ್ಯಗಳ ಪಾಡು ಬೇರೆ. ಝೂಟ್ ಎಂಬ ಸ್ಯಾಕ್ಸೊಫೋನ್‌ಗಾರ ಗೊಂಬೆಗೆ ಉಸಿರಿಲ್ಲ. ತಲೆಯೊಳಗಿನ ಕೈ ಬಾಯಿಯನ್ನು ವಾದ್ಯಕ್ಕೆ ಒತ್ತಿ ಹಿಡಿಯಬೇಕಾದ್ದರಿಂದ ಬಾಯಾಡಿಸುವ ಅವಕಾಶವೂ ಇಲ್ಲ. ಉಳಿಯುವುದು ಸ್ವರಕ್ಕೆ ಮುಂಚೆ ಮೈ ತುಸು ಏಳುವುದು, ಸ್ವರದೊಡನೆ ಬಾಗುವುದು. ಅಷ್ಟರಿಂದಲೇ ಉಸಿರು ಇರುವಂತೆ ತೋರುತ್ತದೆ.

1979ರ ‘ದಿ ಮಪೆಟ್ ಮೂವಿ’ ಎಂಬ ಚಲಚ್ಚಿತ್ರದ ಆರಂಭವನ್ನು ಇಲ್ಲಿ ಬಿಡಲಾಗದು. ಕೆರ್ಮಿಟ್ ಎಂಬ ಕಪ್ಪೆಯು ಜೌಗಿನ ನಡುವಣ ಮರದ ಕೊರಡಿನ ಮೇಲೆ ಒಂಟಿಯಾಗಿ ಕುಳಿತು ಬ್ಯಾಂಜೋ ನುಡಿಸುತ್ತ ಹಾಡುತ್ತದೆ. ಸುತ್ತಲೂ ನೀರು, ಗೊಂಬೆಗಾರನಿಗೆ ನಿಲ್ಲಲು ಎಡೆಯಿಲ್ಲವೆಂದು ಕಣ್ಣಿಗೆ ನಿಶ್ಚಯವಾಗುತ್ತದೆ. ಆದರೆ ಹೆನ್ಸನ್ ನೀರಿನೊಳಗೆ ಮುಳುಗಿಸಿದ ಲೋಹದ ತೊಟ್ಟಿಯೊಂದರಲ್ಲಿ ಮುದುಡಿ ಕುಳಿತು, ರಬ್ಬರಿನ ತೋಳಿನ ಮೂಲಕ ಕೈಯನ್ನು ಮೇಲಕ್ಕೆ ಚಾಚಿ, ಕೊಳವೆಯಿಂದ ಬರುವ ಗಾಳಿಯನ್ನು ಉಸಿರಾಡುತ್ತ, ಚಿಕ್ಕ ತೆರೆಯಲ್ಲಿ ತನ್ನ ಕಪ್ಪೆಯನ್ನು ನೋಡುತ್ತಿದ್ದನು. ಮೇಲೆ ಕಾಣುವ ನೆಮ್ಮದಿಗೂ ಕೆಳಗಿನ ಇಕ್ಕಟ್ಟಿಗೂ ಇರುವ ದೂರವೇ ಆ ದೃಶ್ಯದ ಬೆಲೆ. ವಿಯೆಟ್ನಾಮಿನ ಗೊಂಬೆಗಾರರಿಗೆ ನೀರು ಮರೆ. ಇವನಿಗೆ ನೀರು ಸಾಕ್ಷಿ.

ತೆರೆಯಲ್ಲಿ ಹುಟ್ಟಿದ ಈ ತಂಡವನ್ನು ಬಯಲಿನ ರಂಗಕ್ಕೆ ತಂದಾಗ ಚೌಕಟ್ಟಿನ ರಕ್ಷಣೆ ತಪ್ಪಿತು. 2016ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಉದ್ಯಾನದ ಸಂಗೀತೋತ್ಸವದಲ್ಲಿ ಎಲೆಕ್ಟ್ರಿಕ್ ಮೇಹೆಮ್ ಇತರ ತಂಡಗಳ ಸರದಿಯಲ್ಲಿ ತಾನೂ ಒಂದಾಗಿ ಜನಸಮುದಾಯದ ಮುಂದೆ ನಿಂತಿತು. 2017ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ಬಯಲುರಂಗದಲ್ಲಿ ಜೀವಂತವಾದ ವಾದ್ಯಮೇಳದೊಡನೆ ಮಪೆಟ್ಟುಗಳ ಪ್ರದರ್ಶನ ನಡೆಯಿತು. ಇಂಥಲ್ಲಿ ಗೊಂಬೆಗಾರರನ್ನು ಮರೆಮಾಡಲು ಎದೆಮಟ್ಟದ ಅಡ್ಡಗೋಡೆಯೊಂದು ಮತ್ತೆ ಬೇಕಾಗುತ್ತದೆ. ಹೆನ್ಸನ್ ದೂರದರ್ಶನದಲ್ಲಿ ಕಳಚಿಹಾಕಿದ ಪೆಟ್ಟಿಗೆಯ ರಂಗವೇ ಬೇರೆ ವೇಷದಲ್ಲಿ ಹಿಂತಿರುಗುತ್ತದೆ. ತಪ್ಪಿದರೆ ಮತ್ತೊಮ್ಮೆ ಚಿತ್ರಿಸಿಕೊಳ್ಳುವ ಸೌಕರ್ಯವೂ ಇಲ್ಲ. ಸುಮಾರು ಅರ್ಧ ಶತಮಾನದ ಹಳೆಯದಾದ ಇದೇ ತಂಡವು ತನ್ನ ಮೊದಲನೆಯ ಗೀತಸಂಪುಟವನ್ನು ಮುದ್ರಿಸಲು ಹೆಣಗುವುದನ್ನು 2023ರ ‘ದಿ ಮಪೆಟ್ಸ್ ಮೇಹೆಮ್’ ಎಂಬ ಸರಣಿಯು ಕಥೆಯಾಗಿ ಮಾಡಿಕೊಂಡಿತು. ಮುದ್ರಿತ ದನಿಯಿಂದಲೇ ಬದುಕಿದ ಗೊಂಬೆಗಳಿಗೆ ಮುದ್ರಣವೇ ಕಷ್ಟವಾದುದು ನಗೆಗೆ ತಕ್ಕದ್ದೇ.

ಬಯಲಿನಲ್ಲಿ ಇನ್ನೊಂದು ತೊಡಕು ಗೊಂಬೆಯ ಅಳತೆಯದು. ಬುನ್‌ರಾಕುವಿನ ಗೊಂಬೆಯು ಮಿತವಾದ ರಂಗಮಂದಿರದಲ್ಲಿ, ಬೆರಳಿನ ಸಂದು ಕಾಣುವಷ್ಟು ಹತ್ತಿರದಲ್ಲಿ ನುಡಿಸುತ್ತದೆ. ಸಾವಿರಾರು ಜನರ ಬಯಲಿನಲ್ಲಿ ಕೈಗವಸಿನಷ್ಟು ಗೊಂಬೆಯು ಹಿಂದಿನ ಸಾಲಿನವನಿಗೆ ಒಂದು ಬಣ್ಣದ ಚುಕ್ಕೆ. ಆದುದರಿಂದ ರಂಗದ ಪಕ್ಕದಲ್ಲಿ ದೊಡ್ಡ ತೆರೆಗಳನ್ನು ನಿಲ್ಲಿಸಬೇಕಾಗುತ್ತದೆ. ರಂಗಕ್ಕೆ ಬಂದ ಗೊಂಬೆಯನ್ನು ಜನರು ಮತ್ತೆ ತೆರೆಯಲ್ಲಿಯೇ ನೋಡುತ್ತಾರೆ. ದನಿಯು ನೂರು ಮೀಟರ್ ದೂರವನ್ನು ದಾಟಲು ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಹೊತ್ತನ್ನು ತೆಗೆದುಕೊಳ್ಳುತ್ತದೆ. ಬೆಳಕಿಗೆ ಆ ತಡವಿಲ್ಲ. ಹೀಗೆ ರಂಗದ ಬಳಿಯ ಧ್ವನಿವರ್ಧಕದಿಂದ ಕೇಳುವ ದೂರದ ಪ್ರೇಕ್ಷಕನಿಗೆ, ಗೊಂಬೆಗಾರನು ಬೇಕೆಂದು ಮಾಡಿದುದಕ್ಕಿಂತ ಹೆಚ್ಚಾಗಿಯೇ, ಕೈ ಮುಂದೆ ದನಿ ಹಿಂದೆ ಆಗುತ್ತದೆ. ಮುಂದಿನ ಸಾಲಿನವನಿಗೆ ಸರಿಯಾಗಿ ಕೂಡಿದ ಪೆಟ್ಟು ಅವನಿಗೆ ಬಿಟ್ಟುಹೋಗಿ ಕಾಣುತ್ತದೆ.